ನೀರಿನಿಂದ ಬೈಕ್ ಓಡಿಸಲು ಹೊರಟವರು ಏನು ಹುಡುಕುತ್ತಿದ್ದಾರೆ?

ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನಳಕ್ಕೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಕೆಲವು ಕಡೆ ವಾರವೂ ದಾಟುತ್ತದೆ. ಅಂಥ ಊರಲ್ಲೇ "ನೀರಿನ ಮ್ಯಾಲೆ ಬೈಕ್ ಓಡಸ್ತೇನ್ರಿ" ಎನ್ನುವವರು ಸಿಗುತ್ತಾರೆ. ಲೇಥ್ ಶಾಪಿನ ಹಿಂದಿನ ಶೆಡ್ಡಿನಲ್ಲಿ, ಗದಗಿನ ಕಡೆ ರಿವೈಂಡಿಂಗ್ ಅಂಗಡಿಯ ಮೂಲೆಯಲ್ಲಿ, ರಾಣೆಬೆನ್ನೂರಿನ ಹೈವೇ ಗ್ಯಾರೇಜಿನಲ್ಲಿ ಇಂಥವರನ್ನು ನೋಡಬಹುದು. ಸ್ಟೀಲ್ ಪ್ಲೇಟುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಡಬ್ಬಿ, ಅದಕ್ಕೊಂದು ಹನ್ನೆರಡು ವೋಲ್ಟಿನ ಬ್ಯಾಟರಿ, ಗುಳುಗುಳು ಏಳುವ ಗುಳ್ಳೆ. ಇನ್ನು ಕೆಲವರ ಬಳಿ ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗಳನ್ನು ಸುತ್ತಲೂ ಅಂಟಿಸಿದ ಸೈಕಲ್ ಗಾಲಿ ಇರುತ್ತದೆ. ತಾನೇ ತಿರುಗಿ ಪುಕ್ಕಟೆ ಕರೆಂಟ್ ಕೊಡಬೇಕು ಅಂತ.

ಇವರನ್ನು ನೋಡಿ ನಕ್ಕುಬಿಡುವುದು ಸುಲಭ. ಆದರೆ ಇವರು ದಡ್ಡರಲ್ಲ. ಸುಟ್ಟುಹೋದ ಮೋಟರನ್ನು ಬಿಚ್ಚಿ, ಎಷ್ಟು ಗೇಜಿನ ತಂತಿ, ಎಷ್ಟು ಸುತ್ತು ಅಂತ ಲೆಕ್ಕ ಹಾಕಿ ಮತ್ತೆ ಓಡಿಸುವವರು. ಇಂಜಿನ್ ಸದ್ದು ಕೇಳಿಯೇ ಯಾವ ವಾಲ್ವ್ ಕೆಟ್ಟಿದೆ ಅಂತ ಹೇಳುವವರು. ಹಾಗಾದರೆ ವಿಜ್ಞಾನ ಆಗುವುದಿಲ್ಲ ಎಂದು ಹೇಳಿರುವ ಕೆಲಸಕ್ಕೇ ಇವರು ಕೈ ಹಾಕುವುದು ಯಾಕೆ? ಮೊದಲು ಅದು ಯಾಕೆ ಆಗುವುದಿಲ್ಲ ಅಂತ ನೋಡೋಣ. ಅದು ತಿಳಿಯದೆ ಈ ಹಂಬಲ ಎಲ್ಲಿಂದ ಬರುತ್ತದೆ ಅನ್ನುವುದು ಅರ್ಥವಾಗುವುದಿಲ್ಲ.

ಗುಳ್ಳೆ ನಿಜ, ಲಾಭ ಸುಳ್ಳು

ನೀರಿನಲ್ಲಿ ಹೈಡ್ರೋಜನ್ ಇದೆ. ಹೈಡ್ರೋಜನ್ ಉರಿಯುತ್ತದೆ. ಕರೆಂಟ್ ಹಾಯಿಸಿದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಎರಡೂ ಹೊರಬರುತ್ತವೆ. ಇದು 1800ರಲ್ಲೇ ಗೊತ್ತಾದ ವಿಷಯ. ಈ ಮೂರೂ ಮಾತು ನಿಜ. ಅದಕ್ಕೇ ನಾಲ್ಕನೆಯ ಮಾತೂ ನಿಜವಿರಬೇಕು ಅನ್ನಿಸುತ್ತದೆ: ಹಾಗಾದರೆ ನೀರೇ ಇಂಧನ.

ತಪ್ಪು ಇಲ್ಲಿದೆ. ಹೈಡ್ರೋಜನ್ ಉರಿದಾಗ ಆಗುವುದೇ ನೀರು. ಅಂದರೆ ನೀರು ಇಂಧನವಲ್ಲ, ಇಂಧನ ಉರಿದ ಮೇಲೆ ಉಳಿದ ಬೂದಿ. ಒಲೆಯ ಬೂದಿಯನ್ನು ಮತ್ತೆ ಒಲೆಗೆ ಹಾಕಿ ರೊಟ್ಟಿ ಬೇಯಿಸಲು ಆಗುತ್ತದೆಯೇ? 18 ಗ್ರಾಂ ನೀರನ್ನು ಒಡೆಯಲು ಕಡಿಮೆ ಎಂದರೂ 286 ಕಿಲೋಜೌಲ್ ಶಕ್ತಿ ಬೇಕು. ಒಡೆದದ್ದನ್ನು ಮತ್ತೆ ಉರಿಸಿದರೆ ಹೊರಬರುವುದೂ ಅದೇ 286 ಕಿಲೋಜೌಲ್. ಒಂದು ಕಾಳೂ ಜಾಸ್ತಿ ಇಲ್ಲ. ನಡುವೆ ಪ್ಲೇಟ್ ಬಿಸಿಯಾಗುತ್ತದೆ, ತಂತಿ ಬಿಸಿಯಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಅದೆಲ್ಲ ನಷ್ಟದ ಬಾಬ್ತು.

"ಸಾದಾ ಕರೆಂಟ್ ಅಲ್ರೀ, ಸರಿಯಾದ ಫ್ರೀಕ್ವೆನ್ಸಿ ಕೊಟ್ರ ಕಡಿಮಿ ಶಕ್ತಿಯೊಳಗ ಒಡೀತೈತಿ" ಎಂದು ವಾದಿಸುವವರಿದ್ದಾರೆ. ಯಾವ ಫ್ರೀಕ್ವೆನ್ಸಿ ಆದರೂ ಇರಲಿ. ಮೊದಲು ಇದ್ದದ್ದು ನೀರು, ಕೊನೆಗೆ ಸೈಲೆನ್ಸರಿನಿಂದ ಬರುವುದೂ ನೀರು. ಶುರುವೂ ಕೊನೆಯೂ ಒಂದೇ ಆದ ಮೇಲೆ ನಡುದಾರಿಯಲ್ಲಿ ಲಾಭ ಎಲ್ಲಿಂದ ಬರಬೇಕು? ಹಾಗೆ ಬರುವುದಾದರೆ ಆ ನೀರನ್ನೇ ಮತ್ತೆ ಟ್ಯಾಂಕಿಗೆ ಸುರಿದು ಪ್ರಳಯದವರೆಗೂ ಗಾಡಿ ಓಡಿಸಬಹುದಿತ್ತು.

ಬೈಕಿನ ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಕರೆಂಟ್ ಬಿಲ್ಲಿನ ಯೂನಿಟ್ಟೇ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಇಂಜಿನ್ ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ. ಅಂದರೆ ಸುಮಾರು 9,000 ವ್ಯಾಟ್. ಈಗ ಹವ್ಯಾಸಿಯ ಡಬ್ಬಿಗೆ ಬನ್ನಿ. ನಿಮಿಷಕ್ಕೆ ಒಂದು ಲೀಟರ್ ಗ್ಯಾಸ್ ಬಂದರೆ ಈ ವಲಯದಲ್ಲಿ ಅದು ಹೆಮ್ಮೆಯ ಮಾತು. ಆ ಒಂದು ಲೀಟರ್ ಗ್ಯಾಸ್ ಉರಿದರೆ ಸಿಗುವುದು ಸುಮಾರು 110 ವ್ಯಾಟ್. ಬೈಕಿನ ಹಸಿವಿನ ನೂರರಲ್ಲಿ ಒಂದು ಪಾಲು, ಅಷ್ಟೇ.

ಆ ಗ್ಯಾಸ್ ತೆಗೆಯಲು ಚೆನ್ನಾಗಿ ಮಾಡಿದ ಡಬ್ಬಿಗೂ 160 ವ್ಯಾಟ್‌ನಷ್ಟು ಕರೆಂಟ್ ಬೇಕು. ಅದನ್ನು ಕೊಡುವುದು ಇಂಜಿನ್ನಿನದೇ ಆಲ್ಟರ್ನೇಟರ್. ಅದು ತಾನು ತೆಗೆದುಕೊಂಡ ಶಕ್ತಿಯಲ್ಲಿ ನೂರಕ್ಕೆ ಅರವತ್ತು ಪಾಲು ಕರೆಂಟ್ ಕೊಟ್ಟರೆ ಒಳ್ಳೆಯದೇ. ಇಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗವನ್ನು ಮಾತ್ರ ತಿರುಗುವ ಬಲ ಮಾಡುತ್ತದೆ. ಹಿಂದಕ್ಕೆ ಎಣಿಸಿಕೊಂಡು ಹೋದರೆ ಆ 110 ವ್ಯಾಟ್ ಗ್ಯಾಸಿಗಾಗಿ ಸುಮಾರು 1,000 ವ್ಯಾಟ್ ಪೆಟ್ರೋಲ್ ಸುಟ್ಟಿರುತ್ತೇವೆ. ಹತ್ತು ಕೊಟ್ಟು ಒಂದು ತಗೊಳ್ಳುವ ವ್ಯಾಪಾರ.

ಬೈಕಿನ ಕರೆಂಟ್ ಬೇಡ, ಮನೆಯ ಕರೆಂಟಿನಿಂದ ಗ್ಯಾಸ್ ಮಾಡಿ ತುಂಬಿಸಿದರೆ? ಒಂದು ಕಿಲೋ ಹೈಡ್ರೋಜನ್‌ಗೆ 9 ಲೀಟರ್ ನೀರು ಸಾಕು. ಆದರೆ ದೊಡ್ಡ ಕಂಪನಿಗಳ ಯಂತ್ರಗಳೇ ಅದಕ್ಕೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ತಿನ್ನುತ್ತವೆ. ಆ ಒಂದು ಕಿಲೋದಲ್ಲಿ ಮೂರೂ ಮುಕ್ಕಾಲು ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುತ್ತದೆ. ಅದೇ ಬೈಕಿನಲ್ಲಿ ಉರಿಸಿದರೆ ಹೆಚ್ಚೆಂದರೆ 200 ಕಿಲೋಮೀಟರ್. ಅದೇ 50 ಯೂನಿಟ್ಟನ್ನು ಎಲೆಕ್ಟ್ರಿಕ್ ಸ್ಕೂಟರಿಗೆ ನೇರವಾಗಿ ತುಂಬಿದರೆ, ಯೂನಿಟ್ಟಿಗೆ 30 ಕಿಲೋಮೀಟರ್ ಹಿಡಿದರೂ 1,500 ಕಿಲೋಮೀಟರ್ ಓಡುತ್ತದೆ. ಇಷ್ಟು ತಿಳಿದ ಮೇಲೆ ಈ ಚರ್ಚೆ ಮುಗಿಯಬೇಕಿತ್ತು, ಅಲ್ವಾ? ಮುಗಿಯುವುದಿಲ್ಲ.

ಮ್ಯಾಗ್ನೆಟ್ ಗಾಲಿಯ ಕಥೆ ಇನ್ನೂ ಚಿಕ್ಕದು. ಮ್ಯಾಗ್ನೆಟ್ ಹತ್ತಿರ ಬರುವಾಗ ಎಳೆದು ಎಷ್ಟು ವೇಗ ಕೊಡುತ್ತದೋ, ದೂರ ಹೋಗುವಾಗ ಹಿಡಿದು ಅಷ್ಟನ್ನೇ ಕಿತ್ತುಕೊಳ್ಳುತ್ತದೆ. ಒಂದು ಸುತ್ತು ಮುಗಿದಾಗ ಉಳಿದದ್ದು ಸೊನ್ನೆ, ಬೇರಿಂಗಿನ ತಿಕ್ಕಾಟದ ಖರ್ಚು ಬೇರೆ. ಒಂದು ಎಚ್‌ಪಿ ಮೋಟರಿನಿಂದ ಭಾರದ ಗಾಲಿ ತಿರುಗಿಸಿ, ಅದರಿಂದ ಐದು ಕಿಲೋವ್ಯಾಟ್ ಡೈನಮೋ ಓಡಿಸುತ್ತೇವೆ ಎನ್ನುವವರದೂ ಇದೇ ಗೋಳು. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಭಾರದ ಗಾಲಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಹುಟ್ಟಿಸುವುದಿಲ್ಲ. ಕೆಲವು ಸೆಕೆಂಡ್ ಐದು ಕಿಲೋವ್ಯಾಟ್ ಕೊಟ್ಟು ಬಲ್ಬುಗಳನ್ನು ಜಗಮಗ ಮಾಡಬಲ್ಲದು. ವಿಡಿಯೋ ಮಾಡಲು ಅಷ್ಟು ಸೆಕೆಂಡ್ ಸಾಕು.

ಈ ಕನಸು ಹೊಸದೇನಲ್ಲ. ಭಾಸ್ಕರಾಚಾರ್ಯರು 1150ರ 'ಸಿದ್ಧಾಂತ ಶಿರೋಮಣಿ'ಯಲ್ಲೇ ಅರ್ಧ ಪಾದರಸ ತುಂಬಿದ ಅರಗಳ, ತಾನೇ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇಂಥ ಅರ್ಜಿಗಳಿಂದ ಬೇಸತ್ತು 1775ರಲ್ಲಿ ಅವನ್ನು ನೋಡುವುದನ್ನೇ ನಿಲ್ಲಿಸಿತು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎ) ಕಲಂ ಕೂಡ ಪ್ರಕೃತಿಯ ನಿಯಮಕ್ಕೆ ಎದ್ದು ಕಾಣುವಂತೆ ವಿರುದ್ಧವಾದದ್ದನ್ನು ಆವಿಷ್ಕಾರ ಎಂದು ಒಪ್ಪುವುದಿಲ್ಲ. ಯಾರಾದರೂ ಪೇಟೆಂಟ್ ಅರ್ಜಿಯ ನಂಬರ್ ತೋರಿಸಿದರೆ ಮರುಳಾಗಬೇಡಿ. ಅರ್ಜಿ ಯಾರು ಬೇಕಾದರೂ ಹಾಕಬಹುದು.

ಕಣ್ಣಿಗೆ ಕಂಡದ್ದನ್ನು ನಂಬದಿರುವುದು ಹೇಗೆ?

ಹವ್ಯಾಸಿಗಳು ಸುಳ್ಳು ಹೇಳುತ್ತಿಲ್ಲ. ಹೆಚ್ಚಿನವರು ಏನೋ ಒಂದನ್ನು ನಿಜಕ್ಕೂ ನೋಡಿರುತ್ತಾರೆ. ಡಬ್ಬಿಯಿಂದ ಬಂದ ಗ್ಯಾಸನ್ನು ಸೋಪಿನ ನೊರೆಯಲ್ಲಿ ಹಿಡಿದು ಕಡ್ಡಿ ಗೀರಿದರೆ ಪಟಾಕಿಯಂತೆ ಢಂ ಎನ್ನುತ್ತದೆ. ಅದು ಕಿವಿಯಾರೆ ಕೇಳಿದ ಸತ್ಯ. ಆ ಸದ್ದಿನ ಮುಂದೆ ಕಿಲೋಜೌಲಿನ ಲೆಕ್ಕ ಸಪ್ಪೆ ಅನ್ನಿಸುತ್ತದೆ.

ಪೆಟ್ರೋಲಿನ ಜೊತೆಗೇ ಈ ಗ್ಯಾಸನ್ನೂ ಇಂಜಿನ್ನಿಗೆ ಬಿಟ್ಟರೆ ಮೈಲೇಜ್ ಏರುತ್ತದೆ ಎನ್ನುವವರೂ ಇದ್ದಾರೆ. ಆ ಮೈಲೇಜ್ ವಿಷಯ ಇನ್ನೂ ಮೋಸದ್ದು. ಡಬ್ಬಿ ಕೂರಿಸುವ ದಿನ ಮಿಸ್ತ್ರಿ ಸುಮ್ನೆ ಡಬ್ಬಿ ಮಾತ್ರ ಕೂರಿಸುವುದಿಲ್ಲ. ಪ್ಲಗ್ ಒರೆಸುತ್ತಾನೆ, ಏರ್ ಫಿಲ್ಟರ್ ಝಾಡಿಸುತ್ತಾನೆ, ಕಾರ್ಬುರೇಟರ್ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡುತ್ತಾನೆ, ಟಯರಿಗೆ ಗಾಳಿ ಹಾಕುತ್ತಾನೆ. ಮರುದಿನ ಮಾಲೀಕರು ಮೈಲೇಜ್ ನೋಡಬೇಕು ಅಂತಲೇ ಆಕ್ಸಿಲರೇಟರ್ ಹಗುರ ಹಿಡಿದು ಓಡಿಸುತ್ತಾರೆ. ನಾಲ್ಕೈದು ಕಿಲೋಮೀಟರ್ ಜಾಸ್ತಿ ಬಂದೇ ಬರುತ್ತದೆ. ಹೆಸರು ಡಬ್ಬಿಗೆ.

ನಮ್ಮ ಕಡೆಯದೇ ಒಂದು ತಮಾಷೆ ಇದೆ. ಮೈಲೇಜ್ ಪರೀಕ್ಷೆಗೆ ಎಲ್ಲರಿಗೂ ಇಷ್ಟವಾದ ದಾರಿ ಹುಬ್ಬಳ್ಳಿ–ಧಾರವಾಡ ರಸ್ತೆ. ಧಾರವಾಡ ಎತ್ತರದಲ್ಲಿದೆ. ಹೋಗುವಾಗ ಒಟ್ಟಾರೆ ಏರು, ಬರುವಾಗ ಇಳಿಜಾರು. ಮಳೆಗಾಲದಲ್ಲಿ ಪಡುವಣ ಗಾಳಿ ಬೇರೆ. ಡಬ್ಬಿ ಇಲ್ಲದೆ ಹೋಗಿ, ಡಬ್ಬಿ ಹಾಕಿ ಬಂದರೆ ಡಬ್ಬಿಯೇ ಗೆಲ್ಲುತ್ತದೆ.

ಮೀಟರ್ ಕೂಡ ಕೈ ಕೊಡುತ್ತದೆ. ಬಿಟ್ಟು ಬಿಟ್ಟು ಬಡಿಯುವ ಕರೆಂಟನ್ನು ಅಗ್ಗದ ಮಲ್ಟಿಮೀಟರ್ ಸರಿಯಾಗಿ ಅಳೆಯುವುದಿಲ್ಲ. ವೋಲ್ಟನ್ನೂ ಆಂಪಿಯರನ್ನೂ ಬೇರೆ ಬೇರೆ ಓದಿ ಗುಣಿಸಿದರೆ ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಜಾಸ್ತಿ ಅಂತ ಕಾಣಬಹುದು. ಬ್ಯಾಟರಿಯೂ ಹಾಗೇ. ಚಾರ್ಜ್ ಮಾಡಿದ ಕೂಡಲೇ 13 ವೋಲ್ಟ್ ತೋರಿಸುತ್ತದೆ. ಹಾಗಂತ ಅದು ತುಂಬಿದೆ ಅಂತಲ್ಲ. ಲೋಡ್ ಕೊಟ್ಟರೆ ಧಸಕ್ಕನೆ ಕುಸಿಯುತ್ತದೆ. ಅಮೆರಿಕದ ಜೋಸೆಫ್ ನ್ಯೂಮನ್ ಎಂಬುವರ 'ಎನರ್ಜಿ ಮಷಿನ್' ಇಂಥದ್ದೇ ಅಳತೆಗಳ ಮೇಲೆ ನಿಂತಿತ್ತು. 1986ರಲ್ಲಿ ಅಲ್ಲಿನ ಸರ್ಕಾರಿ ಮಾನಕ ಸಂಸ್ಥೆ ಸರಿಯಾದ ಮೀಟರ್ ಹಚ್ಚಿ ನೋಡಿತು. ಹಾಕಿದ್ದಕ್ಕಿಂತ ಬಂದದ್ದು ಕಡಿಮೆಯೇ ಇತ್ತು.

ಇನ್ನೊಂದು ದಾರಿ ವೆಲ್ಡಿಂಗ್ ಶಾಪಿನವರಿಗೆ ಚೆನ್ನಾಗಿ ಗೊತ್ತು. ಕಾರ್ಬೈಡಿಗೆ ನೀರು ಹಾಕಿದರೆ ಅಸಿಟಿಲಿನ್ ಬರುತ್ತದೆ, ಇಂಜಿನ್ ಓಡುತ್ತದೆ. ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಅಲ್ಯೂಮಿನಿಯಂ ಚೂರು ಹಾಕಿದರೆ ಹೈಡ್ರೋಜನ್ ಬರುತ್ತದೆ. ನೋಡುವವರಿಗೆ "ನೀರು ಹಾಕಿದ, ಗಾಡಿ ಓಡಿತು" ಅಷ್ಟೇ ಕಾಣುವುದು. ಖರ್ಚಾಗುತ್ತಿರುವುದು ಕಾರ್ಬೈಡ್, ಅಲ್ಯೂಮಿನಿಯಂ. ಎರಡನ್ನೂ ತಯಾರಿಸುವಾಗಲೇ ಕಾರ್ಖಾನೆಯಲ್ಲಿ ರಾಶಿ ಕರೆಂಟ್ ಸುರಿದಿರುತ್ತಾರೆ.

ದುಡ್ಡಿಗಾಗಿ ಅಲ್ಲ

ಪೆಟ್ರೋಲ್ ಲೀಟರಿಗೆ ನೂರು ದಾಟಿದ್ದು 2021ರಲ್ಲಿ. ಹಾಗಾಗಿ ಎಲ್ಲರೂ ಹೇಳುವ ಕಾರಣ ಉಳಿತಾಯ. ನನಗೆ ಅದು ಪೂರ್ತಿ ಕಾರಣ ಅನ್ನಿಸುವುದಿಲ್ಲ. ಒಳ್ಳೆಯ ದರ್ಜೆಯ ಸ್ಟೀಲ್ ಪ್ಲೇಟು, ಕಾಸ್ಟಿಕ್, ತಾಮ್ರದ ತಂತಿ, ಬಲವಾದ ಮ್ಯಾಗ್ನೆಟ್, ಹಾಳಾದ ಬ್ಯಾಟರಿಗಳು ಎಲ್ಲ ಕೂಡಿಸಿದರೆ ಉಳಿಸಬೇಕೆಂದಿದ್ದ ಪೆಟ್ರೋಲಿಗಿಂತ ಜಾಸ್ತಿ ಖರ್ಚಾಗಿರುತ್ತದೆ. ಅದು ಅವರಿಗೂ ಗೊತ್ತು. ಆದರೂ ಬಿಡುವುದಿಲ್ಲ.

ಕರೆಂಟಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ ಬಳಸುವ ಎಷ್ಟೋ ಮನೆಗಳಿಗೂ ಬಿಲ್ಲು ಸೊನ್ನೆ ಬರುತ್ತಿದೆ. 'ಫ್ರೀ ಎನರ್ಜಿ' ಎಂದರೆ ಅಕ್ಷರಶಃ ಇದೇ. ಆದರೆ ಮ್ಯಾಗ್ನೆಟ್ ಗಾಲಿ ತಿರುಗಿಸುವವರು ನಿಂತಿಲ್ಲ. ಯಾಕೆಂದರೆ ಅವರಿಗೆ ಬೇಕಿದ್ದದ್ದು ಪುಕ್ಕಟೆ ಕರೆಂಟಲ್ಲ, ತಮ್ಮ ಕೈಯಲ್ಲಿರುವ ಕರೆಂಟ್.

ಹಾವೇರಿ ಕಡೆಯ ರೈತರನ್ನು ಕೇಳಿ. ತ್ರೀ ಫೇಸ್ ಕರೆಂಟ್ ಬರುವುದು ದಿನದಲ್ಲಿ ಕೆಲವೇ ತಾಸು. ಅದೂ ಎಷ್ಟೋ ಸಲ ರಾತ್ರಿ. ಗೋವಿನಜೋಳ ಒಣಗುತ್ತಿರುವಾಗ ನಡುರಾತ್ರಿ ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ಬದುವಿನ ಮೇಲೆ ನಡೆದು ಸ್ಟಾರ್ಟರ್ ಒತ್ತಬೇಕು. ಒತ್ತಿ ಮನೆಗೆ ಬರುವಷ್ಟರಲ್ಲಿ ಲೈನ್ ಹೋಗಿರುತ್ತದೆ. ಬಿಲ್ಲಿಲ್ಲದ ಕರೆಂಟಿಗೂ ಕಾಯುವ ಶಿಕ್ಷೆ ಇದೆ. ತನ್ನ ಹೊಲದ ಮೂಲೆಯಲ್ಲಿ, ಯಾರನ್ನೂ ಕೇಳದೆ ತಿರುಗುವ ಒಂದು ಯಂತ್ರ ಇದ್ದರೆ ಅನ್ನುವ ಆಸೆ ಅಲ್ಲಿ ಹುಟ್ಟುತ್ತದೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಸೋಲಾರ್ ಪಂಪ್ ಅದಕ್ಕೆ ನಿಜವಾದ ಉತ್ತರ. ಆದರೆ ಅದನ್ನು ತಾನೇ ಕೈಯಾರೆ ಮಾಡಲು ಆಗುವುದಿಲ್ಲ.

ಕೈಯಾರೆ ಮಾಡುವುದು. ಈ ಮಾತನ್ನು ಕಡೆಗಣಿಸಿದರೆ ಇವರು ಅರ್ಥವಾಗುವುದಿಲ್ಲ. ಹುಬ್ಬಳ್ಳಿ ನೂರು ವರ್ಷ ದಾಟಿದ ರೈಲ್ವೆ ವರ್ಕ್‌ಶಾಪಿನ ಊರು. ಫಿಟ್ಟರ್, ಟರ್ನರ್, ವೆಲ್ಡರ್‌ಗಳ ಮನೆತನಗಳೇ ಇವೆ. ರಿಟೈರ್ ಆದ ಮೇಲೂ ಕೈ ಸುಮ್ಮನಿರುವುದಿಲ್ಲ. ದಿನವಿಡೀ ಬೇರೆಯವರ ಸುಟ್ಟ ಮೋಟರ್ ಕಟ್ಟುವ ಮಿಸ್ತ್ರಿಗೆ ರಾತ್ರಿ ಶಟರ್ ಅರ್ಧ ಎಳೆದ ಮೇಲೆ ತನ್ನದೇ ಒಂದು ಕೆಲಸ ಬೇಕಾಗುತ್ತದೆ. ಹನ್ನೆರಡು ವೋಲ್ಟನ್ನು ಎರಡೇ ಪ್ಲೇಟಿಗೆ ಕೊಟ್ಟರೆ ಹೆಚ್ಚಿನದೆಲ್ಲ ಬಿಸಿಯಾಗಿ ಹಾಳಾಗುತ್ತದೆ, ನಡುವೆ ವೈರ್ ಜೋಡಿಸದ ನ್ಯೂಟ್ರಲ್ ಪ್ಲೇಟ್ ಇಟ್ಟು ಒಂದೊಂದು ಸಂದಿಗೆ ಎರಡು ವೋಲ್ಟ್ ಬೀಳುವಂತೆ ಮಾಡಬೇಕು ಎನ್ನುವುದನ್ನು ಅವನು ಯಾವ ಕಾಲೇಜಿಗೂ ಹೋಗದೆ ಕಂಡುಕೊಂಡಿರುತ್ತಾನೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಪ್ಲೇಟಿಗೆ ಬಿಳಿ ಪದರು ಕಟ್ಟುತ್ತದೆ, ಅಗ್ಗದ ಸ್ಟೀಲ್ ಆದರೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ ಅನ್ನುವುದೂ ಗೊತ್ತು. ಇದೆಲ್ಲ ನಿಜವಾದ ತಿಳಿವಳಿಕೆ. ದಿನದಿನಕ್ಕೆ ಗ್ಯಾಸ್ ಜಾಸ್ತಿಯಾಗುತ್ತಾ ಹೋಗುತ್ತದೆ. ಹಾಗಾಗಿ ತಾನು ಗುರಿಯ ಹತ್ತಿರ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಡಬ್ಬಿ ಸುಧಾರಿಸುತ್ತಿರುವುದು ನಿಜ. ಆದರೆ ಹಾಕಿದ್ದಕ್ಕಿಂತ ಜಾಸ್ತಿ ಬರುವುದಿಲ್ಲ ಎಂಬ ಗೋಡೆ ಇದ್ದಲ್ಲೇ ಇದೆ.

ಇದರ ಜೊತೆ ಒಂದು ಕಥೆ ಸೇರಿಕೊಳ್ಳುತ್ತದೆ. ಅಮೆರಿಕದ ಓಹಾಯೋದ ಸ್ಟ್ಯಾನ್ಲಿ ಮೇಯರ್ ನೀರಿನಿಂದ ಓಡುವ ಬಗ್ಗಿ ಎಂಬ ಪುಟ್ಟ ಕಾರು ಮಾಡಿದ್ದಾಗಿ ಹೇಳಿಕೊಂಡಿದ್ದ. 1998ರಲ್ಲಿ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದಾಗ ಕುಸಿದು ಸತ್ತ. "ಎಣ್ಣಿ ಕಂಪನ್ಯಾಗಿನವ್ರ ವಿಷಾ ಹಾಕಿದ್ರು" ಎನ್ನುವ ಮಾತು ನಮ್ಮ ಗ್ಯಾರೇಜುಗಳವರೆಗೂ ಬಂದಿದೆ. ಮರಣೋತ್ತರ ಪರೀಕ್ಷೆ ಹೇಳಿದ್ದು ಮಿದುಳಿನ ರಕ್ತನಾಳ ಒಡೆದದ್ದು ಅಂತ. ಕಥೆಯಲ್ಲಿ ಯಾರೂ ಹೇಳದ ಭಾಗ ಬೇರೆಯೇ ಇದೆ. ಅದಕ್ಕೆ ಎರಡು ವರ್ಷ ಮುಂಚೆ, 1996ರಲ್ಲಿ, ದುಡ್ಡು ಹಾಕಿದ ಇಬ್ಬರು ಕೋರ್ಟಿಗೆ ಹೋಗಿದ್ದರು. ತಜ್ಞರು ಅವನ ಸಾಧನ ನೋಡಿ ಇದು ಸಾದಾ ನೀರು ಒಡೆಯುವ ಡಬ್ಬಿಯೇ ಎಂದರು. ಕೋರ್ಟು ಅದನ್ನು ದೊಡ್ಡ ವಂಚನೆ ಎಂದು ಹೇಳಿ ಹಣ ವಾಪಸ್ ಕೊಡಿಸಿತು.

ಅದೇ 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದು ದೇಶವನ್ನೇ ಬೆರಗುಗೊಳಿಸಿದ್ದ. ದೊಡ್ಡ ದೊಡ್ಡವರೂ ನಂಬಿದ್ದರು. ಹಳ್ಳಿಯ, ಹೆಚ್ಚು ಓದದ ಹುಡುಗ ವಿಜ್ಞಾನಿಗಳನ್ನು ಸೋಲಿಸಿದ ಎನ್ನುವ ಕಥೆ ಅಷ್ಟು ಸಿಹಿಯಾಗಿತ್ತು. 2016ರಲ್ಲಿ ಚೆನ್ನೈ ಕೋರ್ಟು ಅವನಿಗೆ ಮೂರು ವರ್ಷ ಶಿಕ್ಷೆ ಕೊಟ್ಟಿತು. 2012ರಲ್ಲಿ ಪಾಕಿಸ್ತಾನದಲ್ಲಿ ಆಘಾ ವಕಾರ್ ಅಹ್ಮದ್ ಎಂಬುವರ ನೀರಿನ ಕಾರಿಗೆ ಮಂತ್ರಿಗಳೇ ಚಪ್ಪಾಳೆ ಹೊಡೆದಿದ್ದರು.

ಈ ಕಥೆಗಳು ಯಾಕೆ ಸಾಯುವುದಿಲ್ಲ? ಅವುಗಳಲ್ಲಿ ಗೆಲ್ಲುವವನು ಡಿಗ್ರಿ ಇಲ್ಲದ ಮಿಸ್ತ್ರಿ. ಸೋಲುವವರು ಕಾಲೇಜು, ಕಂಪನಿ, ಸರ್ಕಾರ. ನಮ್ಮಲ್ಲಿ ಐಟಿಐ ಕಲಿತವನ ಮಾತಿಗೆ ಇಂಜಿನಿಯರ್ ಕಿವಿ ಕೊಡುವುದು ಅಪರೂಪ. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟನ್ನು ಎಷ್ಟೋ ಸಲ ಇದೇ ಮಿಸ್ತ್ರಿ ಮಾಡಿಕೊಟ್ಟಿರುತ್ತಾನೆ, ಹೆಸರು ಮಾತ್ರ ಇರುವುದಿಲ್ಲ. ನೀರಿನ ಬೈಕ್ ಓಡಿದ ದಿನ ಪೇಪರಿನವರು ಬರುತ್ತಾರೆ, ಊರವರು ಶಾಲು ಹೊದಿಸುತ್ತಾರೆ, ಕಾಲೇಜಿನವರು ಕರೆದು ಮಾತಾಡಿಸುತ್ತಾರೆ. ನನ್ನ ಮಟ್ಟಿಗೆ ಈ ಹವ್ಯಾಸದ ಬೇರು ಇದೇ. ಪೆಟ್ರೋಲಿನ ರೇಟು ಜನರನ್ನು ಒಳಗೆ ಕರೆತರುತ್ತದೆ. ಅಲ್ಲೇ ಕೂರಿಸುವುದು ಮರ್ಯಾದೆಯ ಹಸಿವು. ಅದಕ್ಕೇ "ಇದು ನಿಯಮಕ್ಕೆ ವಿರುದ್ಧ" ಅಂತ ಯಾರಾದರೂ ಪ್ರೊಫೆಸರ್ ನಕ್ಕು ಹೇಳಿದರೆ ಪ್ರಯೋಗ ನಿಲ್ಲುವುದಿಲ್ಲ, ಇನ್ನೂ ಜೋರಾಗುತ್ತದೆ.

ಆ ನಿಯಮ ಯಾರದು?

ಇಲ್ಲೊಂದು ವಿಚಿತ್ರ ಇದೆ. ಶಕ್ತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂಬ ನಿಯಮವನ್ನು ದೊಡ್ಡ ಕಾಲೇಜಿನವರು ಮೇಲಿನಿಂದ ಹೇರಿದ್ದು ಅಂತ ಹವ್ಯಾಸಿಗಳು ಅಂದುಕೊಂಡಿರುತ್ತಾರೆ. ಅದನ್ನು ಗಟ್ಟಿಯಾಗಿ ಅಳೆದು ತೋರಿಸಿದವನು ಒಬ್ಬ ಹವ್ಯಾಸಿ. ಅದೂ ಪುಕ್ಕಟೆ ಶಕ್ತಿಯ ಕನಸು ಕಂಡ ಹವ್ಯಾಸಿ.

ಜೇಮ್ಸ್ ಜೌಲ್ ಹುಟ್ಟಿದ್ದು 1818ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಮನೆಯವರದು ಬಿಯರ್ ಮಾಡುವ ಕಾರ್ಖಾನೆ. ಯಾವ ವಿಶ್ವವಿದ್ಯಾಲಯದ ನೌಕರಿಯೂ ಅವನಿಗೆ ಇರಲಿಲ್ಲ. ಆಗ ಎಲೆಕ್ಟ್ರಿಕ್ ಮೋಟರ್ ಹೊಸದು. ಇಪ್ಪತ್ತರ ಆಸುಪಾಸಿನ ಜೌಲ್ ಮನೆಯಲ್ಲೇ ತಂತಿ ಸುತ್ತಿ ಮೋಟರ್ ಮಾಡಿದ. ಸರಿಯಾಗಿ ಮಾಡಿದರೆ ಇದರ ಬಲಕ್ಕೆ ಮಿತಿಯೇ ಇಲ್ಲ, ಉಗಿಯಂತ್ರವನ್ನು ಎತ್ತಿ ಎಸೆಯಬಹುದು ಅಂತ ಮೊದಮೊದಲು ನಂಬಿದ್ದ.

ಆದರೆ ಅವನು ಬಿಯರ್ ವ್ಯಾಪಾರದವನು. ಖರ್ಚು ಬರೆದಿಡುವುದು, ಬಿಸಿಯನ್ನು ಕರಾರುವಾಕ್ಕಾಗಿ ಅಳೆಯುವುದು ರಕ್ತದಲ್ಲೇ ಇತ್ತು. ಆಗಿನ ಬ್ಯಾಟರಿಯಲ್ಲಿ ಸತು ಕರಗಿ ಕರೆಂಟ್ ಬರುತ್ತಿತ್ತು. ಒಂದು ಪೌಂಡ್ ಸತು ಕರಗಿದರೆ ಮೋಟರ್ ಎಷ್ಟು ಭಾರ ಎತ್ತುತ್ತದೆ? ಒಂದು ಪೌಂಡ್ ಕಲ್ಲಿದ್ದಲು ಉರಿಸಿದರೆ ಉಗಿಯಂತ್ರ ಎಷ್ಟು ಎತ್ತುತ್ತದೆ? 1841ರಲ್ಲಿ ಲೆಕ್ಕ ಮುಂದಿಟ್ಟ. ಕಲ್ಲಿದ್ದಲು ನಾಲ್ಕು ಪಟ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತಿತ್ತು. ಸತುವಿನ ಬೆಲೆಯೋ ಕಲ್ಲಿದ್ದಲಿಗಿಂತ ಎಷ್ಟೋ ಮೇಲೆ. ಕನಸು ಅಲ್ಲಿಗೆ ಮುಗಿಯಿತು.

ಅವನು ಮಾತ್ರ ಮುಗಿಸಲಿಲ್ಲ. ಹೋದ ಶಕ್ತಿ ಎಲ್ಲಿ ಹೋಯಿತು ಅಂತ ಬೆನ್ನು ಹತ್ತಿದ. ತಂತಿ ಬಿಸಿಯಾದದ್ದನ್ನು ಅಳೆದ. ಭಾರ ಕಟ್ಟಿ ಇಳಿಬಿಟ್ಟು, ಅದರಿಂದ ನೀರಿನಲ್ಲಿ ದೋಣಿಯ ಹುಟ್ಟಿನಂಥ ಅಲಗು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ವರ್ಷಗಟ್ಟಲೆ ನೋಡಿದ. ಇಳಿದ ಭಾರಕ್ಕೂ ಏರಿದ ಬಿಸಿಗೂ ಪ್ರತಿ ಸಲ ಒಂದೇ ಲೆಕ್ಕ ಬಂತು. ಪಂಡಿತರು ಮೊದಲು ಅವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1847ರ ಸುಮಾರಿಗೆ ಗಮನ ಕೊಟ್ಟರು, 1850ರಲ್ಲಿ ರಾಯಲ್ ಸೊಸೈಟಿಗೆ ಸೇರಿಸಿಕೊಂಡರು. ಇವತ್ತು ನಾವು ಶಕ್ತಿ ಅಳೆಯುವುದೇ ಅವನ ಹೆಸರಿನಲ್ಲಿ.

ನೀರು ಒಡೆಯಲು ಎಷ್ಟು ಕರೆಂಟ್ ಬೇಕು ಎಂಬ ನಿಯಮ ಕೊಟ್ಟ ಮೈಕೆಲ್ ಫ್ಯಾರಡೆಯೂ ಅಷ್ಟೇ. ಕಮ್ಮಾರನ ಮಗ. ಗದಗಿನ ಪ್ರೆಸ್ಸುಗಳಲ್ಲಿ ಹುಡುಗರು ಕೆಲಸ ಕಲಿಯುವ ಹಾಗೆ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಬೆಳೆದವನು. ನೀರಿನ ಗಾಡಿಯ ದಾರಿಗೆ ಅಡ್ಡ ನಿಂತ ಎರಡು ನಿಯಮಗಳನ್ನೂ ಅಳೆದು ತೋರಿಸಿದವರು ಡಿಗ್ರಿ ಇಲ್ಲದವರೇ. ಇದನ್ನು ಹವ್ಯಾಸಿಗಳಿಗೆ ಯಾರೂ ಹೇಳುವುದಿಲ್ಲ. ಥರ್ಮೋಡೈನಾಮಿಕ್ಸ್ ಅಂತ ಬಾಯಿ ಮುಚ್ಚಿಸುವುದರ ಬದಲು ಜೌಲ್ ಕಥೆ ಹೇಳಿದರೆ ಕೇಳುತ್ತಾರೆ. ನಾನು ಕಂಡಂತೆ ಮಿಸ್ತ್ರಿಗಳಿಗೆ ಅವನು ತಕ್ಷಣ ಹಿಡಿಸುತ್ತಾನೆ.

ಈಚೆಗೆ ಗೊಂದಲ ಇನ್ನಷ್ಟು ಹೆಚ್ಚಿದೆ. 2023ರಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಯೋಜನೆ ಶುರು ಮಾಡಿತು. "ನೋಡ್ರಿ, ನಾವ್ ಹೇಳಿದ್ದ ಸರ್ಕಾರದವ್ರೂ ಮಾಡಾಕತ್ತಾರ" ಎನ್ನುತ್ತಾರೆ. ಸರ್ಕಾರ ಹೇಳುತ್ತಿರುವುದು ಬೇರೆ. ಬಿಸಿಲಿನ, ಗಾಳಿಯ ಕರೆಂಟಿನಿಂದ ನೀರು ಒಡೆದು ಆ ಶಕ್ತಿಯನ್ನು ಹೈಡ್ರೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುವುದು. ನಡುವೆ ನಷ್ಟ ಇದೆ ಅಂತ ಒಪ್ಪಿಕೊಂಡೇ ಮಾಡುವ ಕೆಲಸ. ಶಕ್ತಿ ಬರುವುದು ಸೂರ್ಯನಿಂದ, ಗದಗಿನ ಗುಡ್ಡಗಳ ಮೇಲೆ ತಿರುಗುವಂಥ ಗಾಳಿಯಂತ್ರಗಳಿಂದ. ನೀರಿನಿಂದಲ್ಲ.

ಕೈ ಸುಟ್ಟುಕೊಳ್ಳುವ ಮುಂಚೆ

ಈ ಡಬ್ಬಿಯ ಗ್ಯಾಸಿನಲ್ಲಿ ಹೈಡ್ರೋಜನ್, ಆಕ್ಸಿಜನ್ ಎರಡೂ ಉರಿಯಲು ಬೇಕಾದ ಪ್ರಮಾಣದಲ್ಲೇ ಬೆರೆತಿರುತ್ತವೆ. ಎಲ್‌ಪಿಜಿ ಸೋರಿದರೆ ವಾಸನೆ ಬರುತ್ತದೆ. ಇದಕ್ಕೆ ವಾಸನೆ ಇಲ್ಲ, ಉರಿಯೂ ಬಿಸಿಲಲ್ಲಿ ಕಾಣುವುದಿಲ್ಲ. ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೆ ಎಷ್ಟೇ ಹೈಡ್ರೋಜನ್ ಇದ್ದರೂ ಹೊತ್ತಿಕೊಳ್ಳುತ್ತದೆ. ಬಟ್ಟೆಯ ಕಿಡಿ ಸಾಕು. ಹಾಗಾಗಿ ಈ ಗ್ಯಾಸನ್ನು ಬಾಟಲಿಯಲ್ಲಾಗಲಿ, ಟ್ಯೂಬಿನಲ್ಲಾಗಲಿ ಕೂಡಿಡಲೇಬಾರದು. ಡಬ್ಬಿಗೂ ಬೆಂಕಿಗೂ ನಡುವೆ ಗ್ಯಾಸ್ ನೀರಿನೊಳಗೆ ಹಾಯ್ದು ಬರುವಂತೆ ಮಾಡುವ ಬಬ್ಲರ್ ಇಲ್ಲದಿದ್ದರೆ ಉರಿ ಹಿಂದಕ್ಕೆ ಓಡಿ ಡಬ್ಬಿ ಬಾಂಬಿನಂತೆ ಸಿಡಿಯುತ್ತದೆ. ನೀರಿನಲ್ಲಿ ಕರೆಂಟ್ ಹರಿಯಲೆಂದು ಹಾಕುವ ಕಾಸ್ಟಿಕ್ ಇಲ್ಲವೆಂದು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ವಿಷಾನಿಲ ಬರುತ್ತದೆ. ಸ್ಟೀಲ್ ಪ್ಲೇಟ್ ಕರಗಿದ ಆ ನೀರಿನಲ್ಲಿ ವಿಷದ ಕ್ರೋಮಿಯಂ ಇರಬಹುದು. ಮೋರಿಗೆ ಸುರಿಯುವ ಮಾತೇ ಬೇಡ.

ಕುತೂಹಲಕ್ಕೆ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಮಾರುವವರ ಮೇಲೆ. "ಇಂಧನವಿಲ್ಲದ ಜನರೇಟರ್, ಡೀಲರ್‌ಶಿಪ್ಪಿಗೆ ಅಡ್ವಾನ್ಸ್ ಕೊಡಿ" ಎನ್ನುವವರು ಬಂದರೆ ಒಂದೇ ಮಾತು ಹೇಳಿ: ಲೈನಿನ ವೈರ್ ಕಿತ್ತು, ಬ್ಯಾಟರಿ ತೆಗೆದು, ನಮ್ಮ ಹೊಲದಲ್ಲಿ ನಮ್ಮ ಮೋಟರಿಗೆ ಹಚ್ಚಿ ಒಂದು ವಾರ ಓಡಿಸಿ ತೋರಿಸು, ಆಮೇಲೆ ದುಡ್ಡು. ಇದಕ್ಕೆ ಒಪ್ಪಿ ಗೆದ್ದವರು ಇಲ್ಲಿಯವರೆಗೆ ಯಾರೂ ಇಲ್ಲ. ಐರ್ಲೆಂಡಿನ ಸ್ಟೀಯೋರ್ನ್ ಎಂಬ ಕಂಪನಿ 2007ರಲ್ಲಿ ಲಂಡನ್ನಿನಲ್ಲಿ ಸಾರ್ವಜನಿಕವಾಗಿ ತೋರಿಸುತ್ತೇನೆಂದು ಜನ ಸೇರಿಸಿತು. ಪ್ರದರ್ಶನವೇ ರದ್ದಾಯಿತು.

ಮೈಲೇಜ್ ಡಬ್ಬಿಯ ಪರೀಕ್ಷೆಯೂ ಕಷ್ಟದ್ದಲ್ಲ. ಟ್ಯಾಂಕ್ ಬಾಯಿವರೆಗೆ ತುಂಬಿಸಿ, ಹೋಗಿ ಬರುವ ಎರಡೂ ದಾರಿ ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ಅಳೆಯಬೇಕು. ಡಬ್ಬಿ ಬೈಕಿನಲ್ಲೇ ಇರಲಿ. ಆದರೆ ಸ್ವಿಚ್ ಆನ್ ಇದೆಯೋ ಆಫ್ ಇದೆಯೋ ಓಡಿಸುವವರಿಗೆ ಗೊತ್ತಾಗಬಾರದು. ಸ್ವಿಚ್ಚನ್ನು ಇನ್ನೊಬ್ಬರು ಹಾಕಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಹಲವು ದಿನ ಹೀಗೆ ಮಾಡಿ ಕೊನೆಗೆ ಚೀಟಿ ತೆಗೆದು ನೋಡಿ.

ಮರ್ಯಾದೆಯ ಹಸಿವಿಗೆ ಬೇರೆ ದಾರಿಯೂ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರು ಮಾಡಿದ್ದು ಬಿತ್ತುವ ಕೂರಿಗೆ ಯಂತ್ರ, ಹುಣಸೆಹಣ್ಣಿನ ಬೀಜ ತೆಗೆಯುವ ಯಂತ್ರ. ಪ್ರಕೃತಿಯ ನಿಯಮ ಮುರಿಯುವುದು ಅದರಲ್ಲಿ ಇರಲಿಲ್ಲ. ಹೊಲದಲ್ಲಿ ಕಂಡ ತೊಂದರೆಗೆ ಉತ್ತರ ಇತ್ತು.

ಶಕ್ತಿಯ ವಿಷಯದಲ್ಲೇ ಕೈ ಆಡಿಸಬೇಕು ಅನ್ನುವವರಿಗೂ ಕೆಲಸ ಬೇಕಾದಷ್ಟಿದೆ. ನಮ್ಮ ಬಾವಿ ಪಂಪ್‌ಸೆಟ್ಟುಗಳಲ್ಲಿ ನೀರನ್ನು ಸರಾಗವಾಗಿ ಬಿಡದ ಫುಟ್‌ವಾಲ್ವ್, ಸಣ್ಣ ಪೈಪ್, ಬೇಡದ ಎಲ್ಬೋ, ಸರಿಯಿಲ್ಲದ ಕೆಪಾಸಿಟರ್, ಹಲವು ಸಲ ಸುಟ್ಟು ಮತ್ತೆ ಮತ್ತೆ ಕಟ್ಟಿಸಿಕೊಂಡ ಮೋಟರ್. ಇವುಗಳಲ್ಲಿ ಸೋರುವ ಶಕ್ತಿಯನ್ನು ಹಿಡಿದರೆ ಅದೇ ಕೆಲವು ತಾಸಿನ ತ್ರೀ ಫೇಸ್ ಕರೆಂಟಿನಲ್ಲಿ ಹೆಚ್ಚು ನೀರು ಎತ್ತಬಹುದು. ಒಂದು ಬ್ಯಾರೆಲ್ ತುಂಬಲು ಎಷ್ಟು ಹೊತ್ತು, ಆಗ ಮೂರೂ ಫೇಸಿನಲ್ಲಿ ಎಷ್ಟು ಆಂಪಿಯರ್, ಎಷ್ಟು ವೋಲ್ಟ್, ಇಷ್ಟನ್ನು ಬರೆದುಕೊಂಡು, ಪೈಪ್ ಬದಲಿಸಿದ ಮೇಲೆ ಇನ್ನೊಮ್ಮೆ ಬರೆದುಕೊಳ್ಳಿ. ಬೇಕಾಗಿರುವುದು ಒಂದು ಕ್ಲ್ಯಾಂಪ್ ಮೀಟರ್, ಒಂದು ಬ್ಯಾರೆಲ್, ಕೈಯಲ್ಲೊಂದು ವಾಚ್.